ಪದವಿನ ನೀರು

ಮೀನ ಮಾಸದ ಬಿಸಿಲಲ್ಲಿ ಬೆನ್ನಿಗೆ ಚೀಲ ಏರಿಸಿ ನಡೆಯಲು ಹೊರಟವರನ್ನು ನಮ್ಮೂರಲ್ಲಿ ಯಾರೂ ಮೆಚ್ಚುವುದಿಲ್ಲ. ಅನಂತಪುರದ ಕೆರೆಯ ಹತ್ತಿರ ಬೆಳಗ್ಗೆ ಆರೂವರೆಗೆ ಸಿಕ್ಕಿದ ಹಿರಿಯರೊಬ್ಬರು "ಎಲ್ಲಿಗೆ?" ಎಂದರು. "ಪೊಸಡಿ ಗುಂಪೆ ಗುಡ್ಡಕ್ಕೆ. ಒಳದಾರಿಯಲ್ಲಿ ಹೋಗಿ ನಾಳೆ ಮುಟ್ಟುವುದು" ಎಂದ ಭಾವ. ಅವರು ಒಮ್ಮೆ ನಮ್ಮ ಚೀಲ ನೋಡಿದರು, ಒಮ್ಮೆ ಮುಖ ನೋಡಿದರು. "ಸೀತಾಂಗೋಳಿಯಿಂದ ಬಸ್ಸುಂಟಲ್ಲ" ಎಂದರು. ಇದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಉತ್ತರ ಇದ್ದದ್ದು ನನ್ನ ಹೊಟ್ಟೆಕಿಚ್ಚಿನಲ್ಲಿ. ಪರಿಚಯದವರೆಲ್ಲ ಹಿಮಾಲಯಕ್ಕೆ ಹೋಗಿ ಸರೋವರದ ದಂಡೆಯಲ್ಲಿ ಗುಡಾರ ಹಾಕಿದ ಚಿತ್ರ ಕಳಿಸುತ್ತಾರೆ. ನಮಗಿದ್ದದ್ದು ಎರಡು ದಿನದ ರಜೆ, ಇರುವುದು ಕಾಸರಗೋಡಿನ ಕುಂಬಳೆ ಸೀಮೆ. ಇಲ್ಲಿಯೂ ಕೆರೆ ಉಂಟು, ಪಳ್ಳ ಉಂಟು, ಮದಕ ಉಂಟು. ಒಂದರಿಂದ ಒಂದಕ್ಕೆ ನಡೆದುಕೊಂಡು ಹೋದರೆ ಅದೂ ಸರೋವರದ ದಾರಿಯೇ ಅಲ್ಲವಾ ಎಂದು ನನ್ನ ವಾದ. ಒಂದು ವಿಷಯ ಮಾತ್ರ ತಲೆಗೆ ಹೋಗಿರಲಿಲ್ಲ. ಅಲ್ಲಿ ವಸಂತವೆಂದರೆ ಹಿಮ ಕರಗಿ ತೊರೆಗಳು ಉಕ್ಕುವ ಕಾಲ, ದಾರಿ ಕೆಸರಾಗುವ ಕಾಲ. ನಮ್ಮಲ್ಲಿ ವಸಂತವೆಂದರೆ ನೀರು ಹೇಳದೆ ಕೇಳದೆ ಊರು ಬಿಟ್ಟು ಹೋಗುವ ಕಾಲ.

ಅನಂತಪುರದ ಕೆರೆಗೆ ಹೋಗಿ ಬಂದೆ ಎಂದರೆ ಎಲ್ಲರೂ ಕೇಳುವುದು ಮೊಸಳೆಯನ್ನು. ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಪ್ರಸಾದದ ಅನ್ನ ತಿಂದುಕೊಂಡು ದೇವಸ್ಥಾನದ ಕೆರೆಯಲ್ಲಿ ಅಷ್ಟು ವರ್ಷ ಇದ್ದ ಮೊಸಳೆಯ ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿದ್ದರು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಅದೇ ಕೆರೆಯಲ್ಲಿ ಕಾಣಿಸಿತು. ಎಲ್ಲಿಂದ ಬಂತು ಎನ್ನುವುದಕ್ಕೆ ಊರಿನಲ್ಲಿ ಹತ್ತು ಉತ್ತರ ಸಿಗುತ್ತದೆ. ನಾವು ಹೋದ ದಿನ ಅದು ದರ್ಶನ ಕೊಡಲಿಲ್ಲ. ನಮ್ಮ ಮನೆಯವರು ಫೋನಿನಲ್ಲಿ ಎಚ್ಚರಿಕೆ ಹೇಳಿದ್ದೆಲ್ಲ ಆ ಮೊಸಳೆಯ ವಿಷಯವೇ. ಆ ಎರಡು ದಿನ ನಮ್ಮ ಜೀವಕ್ಕೆ ಏನೂ ತೊಂದರೆ ಮಾಡದ ಒಂದೇ ಒಂದು ಪ್ರಾಣಿ ಅದು.

ಮಾವ ಮಾತ್ರ ಬೇರೆ ಹೇಳಿದ್ದರು. ರಾತ್ರಿ ಉಳಿಯುವುದು ಧರ್ಮತ್ತಡ್ಕದ ಹತ್ತಿರ ಅವರ ಮನೆಯಲ್ಲಿ ಎಂದು ಮೊದಲೇ ಮಾತಾಗಿತ್ತು. "ಎರಡು ಗಂಟೆ ಕಳುದ ಮತ್ತೆ ಪದವಿಲಿ ನಿಂಬಲಾಗ, ಆತೊ?" ಎಂದಿದ್ದರು, ಎರಡು ಗಂಟೆ ಕಳೆದ ಮೇಲೆ ಪದವಿನಲ್ಲಿ ನಿಲ್ಲಬಾರದು ಎಂದು. ಆತು ಎಂದಿದ್ದೆ. ಹಿರಿಯರು ಹೇಳಿದ್ದಕ್ಕೆ ಆತು ಎನ್ನುವುದು ಒಂದು, ಅದನ್ನು ಕಿವಿಗೆ ಹಾಕಿಕೊಳ್ಳುವುದು ಇನ್ನೊಂದು.

ಪದವು ಎಂದರೆ ಘಟ್ಟದ ಆಚೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾದೀತು. ಮುರಕಲ್ಲಿನ ಚಪ್ಪಟೆ ಗುಡ್ಡದ ನೆತ್ತಿ ಅದು. ಮೈಲುಗಟ್ಟಲೆ ಕೆಂಪು, ಅಲ್ಲಲ್ಲಿ ಕೇಪಳದ ಪೊದೆ, ಕರಂಡೆ ಮುಳ್ಳು, ಒಣಗಿದ ಮುಳಿಹುಲ್ಲು, ಬದಿಯಲ್ಲಿ ಗೇರುಮರ. ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಪ್ಪುರದ ಅಂಗಾಡಿಪುರಂನಲ್ಲಿ ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನೆಲದೊಳಗೆ ಇರುವಾಗ ಕೊಡಲಿಗೆ ಬಗ್ಗುವಷ್ಟು ಮೆದು, ಹೊರಗೆ ಗಾಳಿಗೆ ಇಟ್ಟರೆ ಇಟ್ಟಿಗೆಯ ಹಾಗೆ ಗಟ್ಟಿ ಎಂದು ಅವನು ಕಂಡದ್ದು ಸರಿಯೇ. ನಮ್ಮ ಅರ್ಧ ಊರು ಈ ಕಲ್ಲಿನದ್ದೇ ಗೋಡೆ. ಆದರೆ ನಡೆಯುವವನಿಗೆ ಬೇಕಾದ ಗುಣ ಬೇರೆ. ಇದರ ಮೈಯೆಲ್ಲ ತೂತು. ಆಟಿಯ ಮಳೆ ಎಷ್ಟು ಸುರಿದರೂ ಇಳಿದು ಹೋಗುತ್ತದೆ. ಪದವಿನ ತಲೆ ಒಣ, ಹೊಟ್ಟೆಯಲ್ಲಿ ನೀರು.

ಊರಿನ ಹೆಸರುಗಳು ಇದನ್ನು ಮೊದಲೇ ಹೇಳಿಟ್ಟಿವೆ. ಅಡ್ಕ ಎಂದರೆ ಬಯಲು, ಒಣ ಜಾಗ. ಬದಿಯಡ್ಕ, ಧರ್ಮತ್ತಡ್ಕ. ಮೊಗರು ಎಂದರೆ ಹೊಳೆಯ ಬದಿಯ ಫಲವತ್ತು ನೆಲ. ಅಂಗಡಿಮೊಗರಿನಲ್ಲಿ ಶಿರಿಯ ಹೊಳೆ ಸಿಗುತ್ತದೆ. ಕಜೆ ಎಂದರೆ ಗುಡ್ಡಗಳ ನಡುವಿನ ತೇವದ ಗದ್ದೆ ಜಾಗ, ಎಣ್ಮಕಜೆಯ ಹಾಗೆ. ಪಳ್ಳ ಎಂದರೆ ಪದವಿನ ತಗ್ಗಿನಲ್ಲಿ ಮಳೆಗಾಲದ ನೀರು ನಿಲ್ಲುವ ಹೊಂಡ. ಮೊಬೈಲಿನ ನಕ್ಷೆಯಲ್ಲಿ ನೀಲಿ ಬಣ್ಣ ಇರಲಿ ಇಲ್ಲದಿರಲಿ, ಹೆಸರು ಕೇಳಿದರೆ ಬಾಟಲಿ ಎಲ್ಲಿ ತುಂಬಿಸಬೇಕೆಂದು ಗೊತ್ತಾಗುತ್ತದೆ. ಮಲಯಾಳದ ರೀತಿಯಲ್ಲಿ ಮಂಜೇಶ್ವರಕ್ಕೆ ಕೊನೆಯಲ್ಲಿ ಒಂದು ಸೊನ್ನೆ ಅಂಟಿಸಿ ಮಂಜೇಶ್ವರಂ ಮಾಡಿದರೆ ಯಾರಿಗೂ ದಾರಿ ತಪ್ಪುವುದಿಲ್ಲ, ಬೇಸರ ಆಗುತ್ತದೆ ಅಷ್ಟೆ. ಆದರೆ ಬೇಡಡ್ಕ ಬೇಡಗಂ ಆದಾಗ ಅಡ್ಕವೇ ಹೋಯಿತು. ಆ ಫಲಕ ಓದಿದವನಿಗೆ ಮುಂದಿರುವುದು ಒಣ ಬಯಲು ಎಂದು ಹೇಳುವವರಿಲ್ಲ. ಇದನ್ನು ಹೇಳಿದರೆ ಭಾಷೆಯ ಜಗಳ ಎನ್ನುತ್ತಾರೆ. ನನಗೆ ಇದು ನೀರಿನ ಜಗಳ.

ಇಷ್ಟೆಲ್ಲ ಗೊತ್ತಿದ್ದವನೂ ಮೋಸ ಹೋದದ್ದು ನನ್ನದೇ ಕೈಬರಹಕ್ಕೆ. ಡಿಸೆಂಬರಿನಲ್ಲಿ ಒಬ್ಬನೇ ಇದೇ ದಾರಿಯ ಅರ್ಧ ನಡೆದು ನೋಡಿದ್ದೆ. ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗೆ: "ಎರಡನೇ ಪಳ್ಳ, ನೀರು ಧಾರಾಳ, ಸೊಂಟಮಟ್ಟ." ಅದನ್ನೇ ನಂಬಿ ತಲೆಗೆ ಮೂರು ಲೀಟರಿನ ಲೆಕ್ಕದಲ್ಲಿ ಹೊರಟೆವು. ಭಾರ ಉಳಿಸುವ ಆಸೆ. ಒಂದು ಲೀಟರ್ ನೀರಿಗೆ ಒಂದು ಕಿಲೋ, ಅದರಲ್ಲಿ ಚೌಕಾಸಿ ನಡೆಯುವುದಿಲ್ಲ. ಅವಲಕ್ಕಿ, ಬೆಲ್ಲ, ಸಾಂತಾಣಿ, ಒಂದು ಬಾಟಲಿ ಪುನರ್ಪುಳಿ ಸಾರ ಎಲ್ಲ ಸೇರಿ ಎರಡು ಕಿಲೋ ಆಗಿರಲಿಲ್ಲ. ಅದನ್ನು ಕಡಿಮೆ ಮಾಡಬಹುದಿತ್ತು. ನಾನು ಕಡಿಮೆ ಮಾಡಿದ್ದು ನೀರನ್ನು.

ಕರಾವಳಿಯ ಶೆಖೆ ಗೊತ್ತಿಲ್ಲದವರು ಉಷ್ಣಾಂಶದ ಅಂಕಿ ನೋಡಿ ನಗುತ್ತಾರೆ. ರಾಯಚೂರಿನವರಿಗೆ 37 ಡಿಗ್ರಿ ಎಂದರೆ ತಂಪು ದಿನ. ಹವಾಮಾನ ಇಲಾಖೆ ಬಯಲುಸೀಮೆಗೆ 40 ಡಿಗ್ರಿ ದಾಟಿದ ಮೇಲೆ ಬಿಸಿಗಾಳಿಯ ಮಾತು ಎತ್ತಿದರೆ ಕರಾವಳಿಗೆ 37ಕ್ಕೇ ಎತ್ತುತ್ತದೆ. ಬೆವರು ಇಲ್ಲಿ ಆರುವುದಿಲ್ಲ, ಇಳಿಯುತ್ತದೆ. ಆರದ ಬೆವರು ಮೈಯನ್ನು ತಣಿಸುವುದೂ ಇಲ್ಲ. ಹತ್ತು ಗಂಟೆಗೆ ಭಾವನ ಅಂಗಿಯ ಬೆನ್ನು ಒದ್ದೆ, ಹನ್ನೊಂದಕ್ಕೆ ಅದರ ಮೇಲೆ ಉಪ್ಪಿನ ಬಿಳಿ ಗೆರೆ.

ಎರಡನೇ ಪಳ್ಳಕ್ಕೆ ಮುಟ್ಟಿದಾಗ ಹನ್ನೆರಡಾಗಿತ್ತು. ಸೊಂಟಮಟ್ಟದ ನೀರು ಇದ್ದಲ್ಲಿ ಒಡೆದ ಕೆಸರಿನ ಹಪ್ಪಳ. ನಡುವಿನಲ್ಲಿ ಹಾಸಿದ ಚಾಪೆಯಷ್ಟು ಅಗಲದ ಕಂದು ನೀರು, ಸುತ್ತ ದನದ ಗೊರಸಿನ ಗುರುತು. ಆ ನೀರಿನ ಅಂಚಿನಲ್ಲಿ ನೆಲ ಅಲುಗಾಡಿದ ಹಾಗೆ ಕಂಡಿತು. ಹತ್ತಿರ ಹೋದರೆ ಹೆಜ್ಜೇನು. ನೂರಾರು ಹುಳ ಒದ್ದೆ ಕೆಸರಿಗೆ ಬಾಯಿ ಇಟ್ಟು ಕೂತಿದ್ದವು. ಬೇಸಿಗೆಯಲ್ಲಿ ಗೂಡು ತಂಪು ಮಾಡಲು ಅವು ನೀರು ಹೊರುತ್ತವೆ. ಪಾಪ, ಅವುಗಳಿಗೂ ಇದ್ದದ್ದು ಅದೊಂದೇ ಪಳ್ಳ. ಕೈ ಬೀಸದೆ, ಓಡದೆ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದೆವು. ಒಂದು ಚುಚ್ಚಿದರೆ ಅದರ ವಾಸನೆಗೆ ಉಳಿದವು ಏಳುತ್ತವೆ, ಹೊಡೆದಷ್ಟೂ ಹೆಚ್ಚು.

ಅಲ್ಲಿಯೇ ಇನ್ನೊಂದು ನೋಡಿದೆ. ಹಳದಿ ಟಿಟ್ಟಿಭವೊಂದು ನೀರಿಗೆ ಇಳಿದು ಹೊಟ್ಟೆಯ ಗರಿ ನೆನೆಸಿಕೊಂಡು, ಕುಡಿಯದೆ, ಗಡಿಬಿಡಿಯಲ್ಲಿ ಪದವಿನ ಕಡೆಗೆ ಹಾರಿತು. ಕಣ್ಣಿಟ್ಟು ನೋಡಿದರೆ ನಲುವತ್ತು ಹೆಜ್ಜೆ ಆಚೆ ಚರಳುಕಲ್ಲಿನ ಮೇಲೆ ಕೂತಿತು. ಅದರ ಮೊಟ್ಟೆ ಅಲ್ಲಿ, ಬರೀ ನೆಲದಲ್ಲಿ, ಮುರಕಲ್ಲಿನ ಚೂರಿನ ಬಣ್ಣದಲ್ಲೇ. ಕಾದ ಕಲ್ಲಿನ ಮೇಲೆ ಮೊಟ್ಟೆ ಬೇಯದಿರಲಿ ಎಂದು ಹೊಟ್ಟೆಯಲ್ಲಿ ನೀರು ಹೊತ್ತು ತರುತ್ತದೆ. ಅದು ಕೂರದಿದ್ದರೆ ನಾವು ಅದರ ಮೇಲೆಯೇ ಕಾಲಿಡುತ್ತಿದ್ದೆವು. ಸುತ್ತು ಹಾಕಿ ಹೋದೆವು.

ಅರ್ಧ ಗಂಟೆ ನಡೆದ ಮೇಲೆ ನೀರು ಸಿಕ್ಕಿತು. ಬೇಕಾದಷ್ಟು, ಪಚ್ಚೆ ಬಣ್ಣದ್ದು, ಗಾಳಿಗೆ ಸಣ್ಣಗೆ ಅಲುಗಾಡುವ ನೀರು. ಭಾವ "ಓ, ನಿನ್ನ ಪಳ್ಳ ಇಲ್ಲಿಗೆ ಬಂದು ಕೂತಿದೆ ನೋಡು" ಎಂದ. ಪಳ್ಳ ಅಲ್ಲ ಅದು. ಕಲ್ಲು ಕಡಿದು ಬಿಟ್ಟು ಹೋದ ಕೋರೆ.

ಇವೆರಡರ ವ್ಯತ್ಯಾಸ ಹೇಳದೆ ಮುಂದೆ ಹೋಗಲಾರೆ. ಪಳ್ಳಕ್ಕೆ ದಂಡೆ ಇರುತ್ತದೆ. ದನ ಇಳಿದು ಹತ್ತುವ ಹಾಗೆ ಮೆಲ್ಲಗೆ ಜಾರಿದ ನೆಲ. ಎಡವಿ ಬಿದ್ದರೂ ಮೊಣಕಾಲುದ್ದದ ನೀರಿನಲ್ಲಿ ಬೀಳುತ್ತೀರಿ. ಕೋರೆಗೆ ದಂಡೆಯೇ ಇಲ್ಲ, ಅಂಚು ಮಾತ್ರ. ಮಿಷನ್ ಇಟ್ಟು ಕಲ್ಲನ್ನು ಸಾಲುಸಾಲಾಗಿ ಕೊಯ್ದುಕೊಂಡು ಕೆಳಗಿಳಿದಿರುತ್ತಾರೆ, ಆದ್ದರಿಂದ ಗೋಡೆ ನೇರ. ನಮ್ಮ ಎದುರಿನ ಗೋಡೆಯಲ್ಲಿ ಗರಗಸದ ಗೆರೆಗಳು ಒಂದರ ಕೆಳಗೆ ಒಂದು, ರೂಲು ಪುಸ್ತಕದ ಹಾಗೆ, ನೀರಿನೊಳಗೆ ಕಾಣುವಷ್ಟು ದೂರ ಇಳಿದು ಮಸುಕಾದವು. ಎಷ್ಟು ಆಳ ಎಂದು ಆ ಗೆರೆ ಹೇಳುವುದಿಲ್ಲ. ಬಿದ್ದವನಿಗೆ ಈಜು ಬಂದರೂ ಹಿಡಿದು ಹತ್ತಲು ಒಂದು ಮೆಟ್ಟಿಲಿಲ್ಲ, ಬೇರಿಲ್ಲ. ಇನ್ನು ಅಂಚಿನಲ್ಲಿ ಕಡಿಯುವಾಗ ಉದುರಿದ ಚರಳು, ಹೆಸರುಕಾಳಿನಿಂದ ಗೇರುಬೀಜದಷ್ಟು ದಪ್ಪ, ಗಟ್ಟಿ ಕಲ್ಲಿನ ಮೇಲೆ ಹರಡಿರುತ್ತದೆ. ಒಣಗಿದಾಗ ಅದರ ಮೇಲೆ ಕಾಲಿಟ್ಟರೆ ಗೋಲಿಗುಂಡಿನ ಮೇಲೆ ಇಟ್ಟ ಹಾಗೆ. ಮಳೆಗಾಲದಲ್ಲಿ ಪಾಚಿಗೆ ಜಾರುತ್ತದೆ ಎಂದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಹೀಗೆ ಜಾರುತ್ತದೆ ಎಂದು ನಾನು ಕಲಿತದ್ದು ಅವತ್ತು.

ಭಾವನಿಗೆ ಮುಖ ತೊಳೆಯಬೇಕಿತ್ತು, ಅಷ್ಟೆ. ಕೂತು ಬಗ್ಗಿದ. ನೀರು ಕೈಗೆ ಸಿಗುವುದಿಲ್ಲ ಎಂದು ಎದ್ದು ಹಿಂದೆ ತಿರುಗುವಷ್ಟರಲ್ಲಿ ಎಡಗಾಲಿನ ಕೆಳಗಿನ ಚರಳು ಗರಗರ ಎಂದಿತು. ನಾನು ಹಿಡಿದದ್ದು ಅವನನ್ನಲ್ಲ, ಅವನ ಚೀಲದ ಪಟ್ಟಿಯನ್ನು. ಹೊಲಿಗೆ ಗಟ್ಟಿ ಇತ್ತು. ಇಬ್ಬರೂ ಹಿಂದಕ್ಕೆ ಬಿದ್ದೆವು, ಅವನ ಮೊಣಕೈ ತರಚಿತು, ಚೀಲದ ಬದಿಯ ಜೇಬಿನಿಂದ ಎರಡು ಲೀಟರಿನ ಬಾಟಲಿ ಹಾರಿ ಕೋರೆಗೆ ಬಿತ್ತು. ಅರ್ಧ ಖಾಲಿಯಾದದ್ದರಿಂದ ಮುಳುಗಲಿಲ್ಲ. ಆರಡಿ ಕೆಳಗೆ, ಮೂತಿ ಮೇಲೆ ಮಾಡಿ, ನಮ್ಮನ್ನೇ ನೋಡುತ್ತ ತೇಲುತ್ತಿತ್ತು.

ಅಲ್ಲಿಂದ ಎದ್ದು ಹೋಗಬೇಕಿತ್ತು. ಆದರೆ ಹನ್ನೆರಡೂವರೆಯ ಬಿಸಿಲಲ್ಲಿ ಒಂದು ಲೀಟರ್ ಕುಡಿಯುವ ನೀರು ಕಣ್ಣೆದುರು ತೇಲುವಾಗ ಬುದ್ಧಿ ಬೇರೆ ರೀತಿ ಓಡುತ್ತದೆ. ಗೇರುಮರದ ಗೆಲ್ಲು ಮುರಿದೆವು, ತುದಿಗೆ ಬೈರಾಸು ಕಟ್ಟಿದೆವು, ಹೊಟ್ಟೆಯಲ್ಲಿ ಮಲಗಿ ಕೈ ಚಾಚಿದೆವು. ಮುಟ್ಟಿದಾಗಲೆಲ್ಲ ಅದು ಮರ್ಯಾದೆಯಿಂದ ಎರಡು ಇಂಚು ಆಚೆ ಸರಿಯುತ್ತಿತ್ತು. ಇಳಿಯುತ್ತೇನೆ ಎಂದು ಭಾವ ಒಮ್ಮೆ ಹೇಳಿದ. ಇಳಿದರೆ ಹತ್ತುವುದು ಹೇಗೆ ಎಂದು ಕೇಳಿದೆ. ಅದಲ್ಲದೆ ಇನ್ನೊಂದು ಹೆದರಿಕೆ. 2024ರಿಂದ ಈಚೆಗೆ ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾದ ಸುದ್ದಿ ಓದದವರಿಲ್ಲ. ನೇಗ್ಲೇರಿಯಾ ಎಂಬ ಆ ಜೀವಿಗೆ ಬಿಸಿ ಏರಿದ, ನಿಂತ ಸಿಹಿನೀರು ಇಷ್ಟ. ಕುಡಿದರೆ ರೋಗ ಬರುವುದಿಲ್ಲ. ಮೂಗಿನೊಳಗೆ ನೀರು ನುಗ್ಗಿದರೆ ಅಲ್ಲಿಂದ ಮಿದುಳಿಗೆ ದಾರಿ. ಬರುವುದು ಅಪರೂಪ, ಬಂದರೆ ಉಳಿಯುವುದು ಅದಕ್ಕಿಂತ ಅಪರೂಪ. ಮೀನ ಮಾಸದಲ್ಲಿ ಮೇಲಿನ ಒಂದಡಿ ನೀರು ಕೈಗೆ ಬೆಚ್ಚಗೆ ಹತ್ತುವ ಯಾವ ಹೊಂಡಕ್ಕೂ ನಾನು ತಲೆ ಮುಳುಗಿಸುವುದಿಲ್ಲ.

ಬಾಟಲಿ ಬಿಟ್ಟು ಎದ್ದಾಗ ಒಂದೂಮುಕ್ಕಾಲು. ಉಳಿದದ್ದು ಇಬ್ಬರಿಗೂ ಸೇರಿ ಮುಕ್ಕಾಲು ಲೀಟರ್ ಮತ್ತು ಪುನರ್ಪುಳಿಯ ತಳ. ಮಾವನ ಎರಡು ಗಂಟೆ ನೆನಪಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆಕಾಶ ಪಡುವಣದಲ್ಲಿ ತೊಳೆದಿಟ್ಟ ಹಾಗೆ ಇತ್ತು. ನಾವು ಕರಾವಳಿಯವರು, ಮಳೆ ಎಂದರೆ ಕಡಲಿನಿಂದ ಬರುವುದು ಎಂದೇ ಕಣ್ಣು ಆ ಕಡೆ ಹೋಗುತ್ತದೆ. ಬೇಸಿಗೆಯ ಗುಡುಗುಮಳೆ ಹಾಗಲ್ಲ. ಹಗಲಿಡೀ ಕಾದ ಗಾಳಿ ಘಟ್ಟದ ಮೇಲೆ ಮೋಡ ಕಟ್ಟಿ, ಮಧ್ಯಾಹ್ನ ದಾಟಿದ ಮೇಲೆ ಮೂಡಣದಿಂದ ಇಳಿದು ಬರುತ್ತದೆ. ನಮ್ಮ ಬೆನ್ನು ಇದ್ದದ್ದೇ ಆ ಕಡೆಗೆ.

ಮೊದಲ ಮಿಂಚು ಕಂಡದ್ದಲ್ಲ, ಎದುರಿನ ಕಲ್ಲಿನ ಮೇಲೆ ನಮ್ಮ ನೆರಳು ಒಂದು ಕ್ಷಣ ಎರಡಾಯಿತು. ಶಾಲೆಯಲ್ಲಿ ಕಲಿತ ಹಾಗೆ ಎಣಿಸಿದೆ. ಗುಡುಗು ಬಂದದ್ದು ಇಪ್ಪತ್ತೇಳಕ್ಕೆ. ಶಬ್ದ ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡ್ ಬೇಕು, ಎಂದರೆ ಒಂಬತ್ತು ಕಿಲೋಮೀಟರ್. ದೂರ ಉಂಟಲ್ಲ ಎಂದ ಭಾವ. ಮೂವತ್ತರ ಒಳಗೆ ಬಂತೆಂದರೆ ಮುಂದಿನ ಮಿಂಚು ನಿಮ್ಮ ತಲೆಯ ಮೇಲೂ ಬೀಳಬಹುದು ಎಂದು ಲೆಕ್ಕ. ಸುತ್ತ ನೋಡಿದೆ. ಕೇಪಳ ಮೊಣಕಾಲಿಗೆ, ಕರಂಡೆ ಸೊಂಟಕ್ಕೆ. ಆ ಪದವಿನಲ್ಲಿ ಎಲ್ಲದಕ್ಕಿಂತ ಎತ್ತರದ ವಸ್ತು ಎಂದರೆ ಭಾವ, ಐದಡಿ ಹತ್ತಿಂಚು. ಒಂದು ಒಂಟಿ ಗೇರುಮರ ಇತ್ತು, ಅವನ ಕಾಲು ತನ್ನಿಂತಾನೆ ಅತ್ತ ತಿರುಗಿತು. ಒಂಟಿ ಮರದ ಬುಡಕ್ಕಿಂತ ಕೆಟ್ಟ ಜಾಗ ಇಲ್ಲ ಎಂದು ರಟ್ಟೆ ಹಿಡಿದು ಎಳೆದೆ. ಎರಡನೆಯದು ಹದಿನೈದಕ್ಕೆ. ಓಡಿದೆವು, ಪದವಿನ ಅಂಚಿನ ಕಡೆಗೆ, ಕೆಳಗೆ ಅಡಿಕೆ ತೋಟದ ತಲೆ ಕಾಣುವ ಕಡೆಗೆ. ಮೂರನೆಯದು ಒಂಬತ್ತಕ್ಕೆ. ಮಳೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಜನ ಮಳೆಗೆ ಕಾಯುತ್ತಾರೆ, ಅಲ್ಲಿಯೇ ತಪ್ಪುವುದು. ಸಿಡಿಲು ಮಳೆಯ ಮುಂಚೆಯೂ ಬರುತ್ತದೆ.

ಇಳಿಜಾರಿನಲ್ಲಿ ಜಾರಿದೆವೋ ಇಳಿದೆವೋ, ತೋಟದ ನಡುವಿನ ಹಂಚಿನ ಮನೆಯೊಂದರ ಅಂಗಳದಲ್ಲಿ ನಿಂತಿದ್ದೆವು. ಹಪ್ಪಳದ ಚಾಪೆ ಮಡಚುತ್ತಿದ್ದ ಹೆಂಗಸು ತಲೆ ಎತ್ತಿ, ಯಾರು ಏನು ಎಂದು ಕೇಳದೆ, "ಉಲಾಯಿ ಬಲೆ, ಉಲಾಯಿ ಬಲೆ" ಎಂದರು. ಒಳಗೆ ಹೋದ ಮೇಲೆ ಎರಡು ಚೊಂಬು ನೀರು, ತಟ್ಟೆಯಲ್ಲಿ ಬೆಲ್ಲ. ಆ ನೀರಿನ ತಂಪನ್ನು ಹೇಗೆ ಬರೆಯಲಿ. ಸುರಂಗದ್ದು ಎಂದರು. ಮನೆಯ ಹಿಂದೆ ಗುಡ್ಡದ ಮೈಗೆ ಆಳೆತ್ತರದ ಬಾಯಿ ಕೊರೆದು, ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗೆ ಬಂದು ಟಾಂಕಿಗೆ ಬೀಳುತ್ತದೆ. ಹಿಂದೆ ಅಡಿಕೆ ಮರದ ದಂಬೆ ಇತ್ತಂತೆ, ಈಗ ಪೈಪು. ಬೆಳಗ್ಗಿನಿಂದ ನಾವು ತಲೆಯ ಮೇಲೆ ತುಳಿದುಕೊಂಡು ಬಂದ ಪದವಿನ ಹೊಟ್ಟೆಯ ನೀರೇ ಅದು.

ಗೋಡೆಗೆ ಒರಗಲು ಬಿಡಲಿಲ್ಲ ಅವರು, ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿದರು. ಟಿವಿಯ ತಂತಿ ಮೊದಲೇ ಕಿತ್ತಿಟ್ಟಿದ್ದರು. ಐದು ಗಂಟೆಗೆ ತೋಟದ ಆಚೆಯ ತೆಂಗಿನಮರವೊಂದಕ್ಕೆ ಬಿತ್ತು. ಹಂಚು ಅದುರಿದ್ದು ಹಲ್ಲಿಗೆ ಗೊತ್ತಾಯಿತು. ಗುಡುಗು ನಿಂತು ಅರ್ಧ ಗಂಟೆ ಆಗುವವರೆಗೆ ಎದ್ದೇಳಬಾರದು ಎಂದು ನಾನು ಹೇಳಬೇಕೆಂದಿದ್ದೆ, ಅವರೇ "ಇನ್ನೊಂದು ಚಾ ಆಗಲಿ" ಎಂದು ಆ ಅರ್ಧ ಗಂಟೆ ಕಳೆಸಿದರು. ಅಲ್ಲಿಂದ ಟಾರು ರಸ್ತೆಗೆ ಇಳಿದು, ನಾಚಿಕೆ ಬಿಟ್ಟು ಹೇಳುತ್ತೇನೆ, ಧರ್ಮತ್ತಡ್ಕಕ್ಕೆ ಬಸ್ಸಿನಲ್ಲಿ ಹೋದೆವು. ಶಿರಿಯ ಹೊಳೆಯನ್ನು ದಾಟಿದ್ದೂ ಬಸ್ಸಿನಲ್ಲೇ. ಮಾವ ಗಡಿಯಾರ ನೋಡಿದರು, ಏನೂ ಹೇಳಲಿಲ್ಲ. ಅದು ಬೈದದ್ದಕ್ಕಿಂತ ಜಾಸ್ತಿ.

ಮರುದಿನ ಕತ್ತಲೆ ಇರುವಾಗಲೇ ಗುಂಪೆ ಹತ್ತಿದೆವು. ಹಿಂದಿನ ದಿನದ ಮಳೆ ಇಲ್ಲಿಯೂ ಬಿದ್ದಿತ್ತು, ಇಲ್ಲದಿದ್ದರೆ ಮಾವ ಬಿಡುತ್ತಿರಲಿಲ್ಲ. ಮುಳಿಹುಲ್ಲು ಎದೆಯೆತ್ತರ ಒಣಗಿದ ಇಳಿಜಾರಿನಲ್ಲಿ ಬೇಸಿಗೆಗೆ ಹೋಗುವುದೆಂದರೆ ಅವರ ಪ್ರಕಾರ ಬೈಹುಲ್ಲಿನ ಮೆದೆಯ ಮೇಲೆ ನಡೆಯುವುದು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣದಿಂದ ಇಳಿಯುತ್ತಿದ್ದ ಗುಂಪು ಹೀಗೆಯೇ ಒಣಹುಲ್ಲಿನ ಬೆಂಕಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಗುಡ್ಡ ಹತ್ತುವಾಗ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಡುತ್ತದೆ, ಹಾಗಾಗಿ ಇಳಿಯುವುದಕ್ಕಿಂತ ಹತ್ತುವುದು ಜೋರು. ಮನುಷ್ಯನ ಕಾಲು ತದ್ವಿರುದ್ಧ. ನಮ್ಮ ದಾರಿಯ ಎಡಕ್ಕೆ ಒಂದು ಗದ್ದೆಯಷ್ಟು ಜಾಗ ಕರಿಬಿದ್ದಿತ್ತು. ಒದ್ದೆ ಬೂದಿಯ ವಾಸನೆ ನೆತ್ತಿಯವರೆಗೆ ಜೊತೆಗೆ ಬಂತು.

ಮೇಲೆ ಗಾಳಿ ತಣ್ಣಗಿತ್ತು. ಮೂಡಣದಲ್ಲಿ ಘಟ್ಟದ ಸಾಲು, ಪಡುವಣದಲ್ಲಿ ಕಡಲಿನ ಗೆರೆ. ಸೂರ್ಯ ಬಂದ ಕೂಡಲೇ ಕೆಳಗಿನ ಪದವುಗಳಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಿಯ ತುಂಡು ಹೊಳೆಯಿತು. ರಾತ್ರಿಯ ನೀರು. ಪಳ್ಳ ಯಾವುದು, ಕೋರೆ ಯಾವುದು, ಇಲ್ಲಿಂದ ಎಲ್ಲ ಒಂದೇ.

"ಅದರಲ್ಲಿ ನಮ್ಮದು ಯಾವುದು?" ಎಂದ ಭಾವ.

ನಾನು ಒಂದನ್ನು ತೋರಿಸಿದೆ. ಅವನು ಅಲ್ಲ ಎಂದು ತಲೆ ಆಡಿಸಿ ಇನ್ನೊಂದನ್ನು ತೋರಿಸಿದ. ಬಿಸಿಲು ಗೇಣಷ್ಟು ಮೇಲೆ ಬಂದಾಗ ಎರಡರ ಹೊಳಪೂ ಆರಿ, ಪದವು ಪುನಃ ಪೂರ್ತಿ ಕೆಂಪಾಯಿತು.